ರಾಗವಿಲ್ಲದಿದ್ದರೂ ಸಂಗೀತವೇ?

(ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ನೀಡಿದ ಉಪನ್ಯಾಸ)



ಭಜನೆಗೆ ಮುನ್ನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಗುಂಡಿ ಒತ್ತುವುದು ಇಂದು ಹಳ್ಳಿಗಳಲ್ಲೂ ರೂಢಿ. ತಂತಿ ಮೀಟುವ ಕೈಯಿಲ್ಲ ಎಂದು ಯಾರೂ ಆ ನಾದವನ್ನು ತಳ್ಳಿಹಾಕುವುದಿಲ್ಲ. ಆದರೆ ರಾಗ, ತಾಳ ಎರಡನ್ನೂ ಬಿಟ್ಟು ನಾದವನ್ನಷ್ಟೇ ಉಳಿಸಿಕೊಂಡರೆ ಅದು ಸಂಗೀತವೇ? ಹೌದೆಂದು ತೋರಿಸಿಕೊಟ್ಟವರು ಹಂಗೆರಿಯ ಗ್ಯೋರ್ಗಿ ಲಿಗೆಟಿ (1923–2006).

ಅವರದು ಯೆಹೂದಿ ಕುಟುಂಬ. ತಂದೆ ಮತ್ತು ತಮ್ಮ ನಾಜಿ ಶಿಬಿರಗಳಲ್ಲಿ ಮಡಿದರು. ಯುದ್ಧಾನಂತರದ ಕಮ್ಯುನಿಸ್ಟ್ ಆಡಳಿತದಲ್ಲಿ ಹೊಸ ಬಗೆಯ ಸಂಗೀತಕ್ಕೆ ನಿರ್ಬಂಧವಿತ್ತು. 1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕುತ್ತಿದ್ದಾಗ ಲಿಗೆಟಿ ಬುಡಾಪೆಸ್ಟ್‌ನಲ್ಲಿ ಕುಳಿತು ಜರ್ಮನಿಯ ಕೊಲೋನ್ ರೇಡಿಯೊ ಆಲಿಸಿದರು. ಅದೇ ಡಿಸೆಂಬರಿನಲ್ಲಿ ಗಡಿ ದಾಟಿದರು. ಮರುವರ್ಷ ಆ ರೇಡಿಯೊದ ಎಲೆಕ್ಟ್ರಾನಿಕ್ ಸ್ಟುಡಿಯೊದಲ್ಲೇ ಕೆಲಸಕ್ಕೆ ತೊಡಗಿದರು.

ಯಂತ್ರದಿಂದ ಹುಟ್ಟಿಸಿದ ಸ್ವರಗಳನ್ನು ಟೇಪಿನ ಮೇಲೆ ಮುದ್ರಿಸಿ, ಕತ್ತರಿಸಿ, ಅಂಟಿಸುವ ಕೆಲಸ ಅದು. 1958ರ 'ಆರ್ಟಿಕ್ಯುಲೇಶನ್' ಪೂರ್ತಿ ನಾಲ್ಕು ನಿಮಿಷವೂ ಇಲ್ಲ. ಗೊತ್ತಿಲ್ಲದ ಭಾಷೆಯ ಹರಟೆಯಂತೆ ಕೇಳಿಸುತ್ತದೆ. 48 ಪದರಗಳ ಇನ್ನೊಂದು ಕೃತಿಯನ್ನು ಆಗಿನ ಉಪಕರಣಗಳಿಂದ ಮುಗಿಸಲಾಗಲಿಲ್ಲ.

ಯಂತ್ರಕ್ಕೆ ಆಗದ್ದನ್ನು ಅವರು ಮನುಷ್ಯರಿಂದ ಮಾಡಿಸಿದರು. 1961ರ 'ಅಟ್ಮಾಸ್ಫಿಯರ್ಸ್' ಕೃತಿಯಲ್ಲಿ 56 ಮಂದಿ ತಂತಿವಾದ್ಯಗಾರರಿಗೆ ಒಬ್ಬೊಬ್ಬರಿಗೂ ಬೇರೆ ಸಾಲು. ಯಾರ ನುಡಿಕೆಯೂ ಬಿಡಿಯಾಗಿ ಕೇಳಿಸದು. ಮೋಡದಂತೆ ಇಡೀ ನಾದವೇ ನಿಧಾನವಾಗಿ ಬಣ್ಣ ಬದಲಿಸುತ್ತದೆ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತಮ್ಮ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಬಳಸಿದ ಮೇಲೆ ಅದು ಲೋಕಕ್ಕೆಲ್ಲ ಪರಿಚಯವಾಯಿತು.

ನಮ್ಮ ಕಿವಿಗೆ ಇದು ತೀರಾ ಹೊಸತೇನಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಮೀಟುವುದು ಷಡ್ಜ, ಪಂಚಮ ಮಾತ್ರ. ಆದರೂ ಗಾಂಧಾರ ತಾನಾಗಿ ಕೇಳಿಬರುತ್ತದೆ. ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಹಾಡಿಗೆ ಆಸರೆಯಾಗಿ ಹಿಂದೆ ನಿಲ್ಲುವ ನಾದವನ್ನು ಲಿಗೆಟಿ ಮುಂದಕ್ಕೆ ತಂದರು.

ಇದಕ್ಕೆ ಮೈಸೂರಿನ ನಂಟೂ ಒಂದುಂಟು. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಧನಸಹಾಯ ನೀಡಿದವರು ಜಯಚಾಮರಾಜ ಒಡೆಯರ್. 1998ರಲ್ಲಿ ಪ್ಯಾರಿಸ್ಸಿನಲ್ಲಿ ಲಿಗೆಟಿಯವರ ಒಪೆರಾಗೆ ನುಡಿಸಿದ್ದು ಅದೇ ವೃಂದ.

ಹೊಸ ನಾದವನ್ನು ಕೇಳಲು ಅರಮನೆ ಬೇಕಿಲ್ಲ, ತಾಳ್ಮೆ ಸಾಕು. ಮುಂದಿನ ಭಜನೆಯ ದಿನ ಹಾಡು ಶುರುಮಾಡುವ ಮೊದಲು ಒಂದು ನಿಮಿಷ ಸುಮ್ಮನಿದ್ದು ಶ್ರುತಿಯನ್ನಷ್ಟೇ ಕೇಳಿ ನೋಡಿ.