ಹೊರನಾಡಿನ ಸೇವೆಯಲ್ಲಿ ಬಿಡುವಿನ ದಿನ

(ಉಪನ್ಯಾಸದ ಪಠ್ಯ)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳಲ್ಲಿ ಓದುತ್ತಿರುವ ತರುಣ ತರುಣಿಯರಲ್ಲಿ ಕೆಲವರಿಗಾದರೂ ಹೊರದೇಶಕ್ಕೆ ಹೋಗಿ ಒಂದಷ್ಟು ದಿನ ಸ್ವಯಂಸೇವೆ ಮಾಡಬೇಕೆಂಬ ಹಂಬಲವಿದೆ. ಹಂಬಲ ಒಳ್ಳೆಯದೇ. ಅಲ್ಲಿ ಮಾಡಬೇಕಾದ ಕೆಲಸವೇನೆಂಬುದನ್ನು ಕರೆಸಿಕೊಳ್ಳುವ ಸಂಸ್ಥೆಗಳು ತಿಳಿಸಿಕೊಡುತ್ತವೆ. ಆದರೆ ಕೆಲಸವಿಲ್ಲದ ದಿನ ಆ ಅಪರಿಚಿತ ನಗರವನ್ನು ಹೇಗೆ ನೋಡಬೇಕೆಂಬ ಪ್ರಶ್ನೆ ಏಳುವುದು ವಿರಳ. ಈ ಮಾತುಗಳ ವಿಷಯ ಆ ಬಿಡುವಿನ ದಿನವೇ ಆಗಿದೆ.

ಪರದೇಶದಲ್ಲಿ ಮೈಮುರಿದು ದುಡಿದು ಸೇವೆ ಸಲ್ಲಿಸುವ ಶಿಬಿರಗಳಿಗೆ ಒಂದು ಶತಮಾನ ಮೀರಿದ ಇತಿಹಾಸವಿದೆ. ಮೊದಲ ಮಹಾಯುದ್ಧ ಮುಗಿದ ಬಳಿಕ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬವರು ಫ್ರಾನ್ಸಿನ ವರ್ದೂನ್ ಬಳಿಯ ಹಾಳುಬಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹಲವು ದೇಶಗಳ ಒಂದು ಸಣ್ಣ ತಂಡವನ್ನು ಕರೆದೊಯ್ದರು. ಆ ತಂಡದಲ್ಲಿ ಜರ್ಮನರೂ ಇದ್ದರು. ಶತ್ರುಗಳೆನಿಸಿಕೊಂಡವರು ಒಂದೇ ಗೋಡೆಗೆ ಕಲ್ಲು ಹೊತ್ತರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮೂಲ ಅದು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳನ್ನು ಮಹಾ ಭೂಕಂಪವು ನಡುಗಿಸಿದಾಗ ಅದೇ ಸೆರೆಸೋಲ್ ಭಾರತಕ್ಕೆ ಬಂದರು. ನೆರೆಗೆ ತುತ್ತಾಗುವ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಕಟ್ಟುವ ಕಾರ್ಯದಲ್ಲಿ ಅವರೂ ಅವರ ಸಂಗಡಿಗರೂ ಹಳ್ಳಿಗರ ಜೊತೆ ದುಡಿದರು. ನೀರು ಎತ್ತಲಿಂದ ಬರುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ಅರಿಯದವರಿಂದ ಆಗುವ ಕೆಲಸ ಅದಾಗಿರಲಿಲ್ಲ.

ಅಂದು ನಡುಗಿದ ನೇಪಾಳವು 2015ರ ಏಪ್ರಿಲ್ 25ರಂದು ಮತ್ತೊಮ್ಮೆ ನಡುಗಿತು. ಸುಮಾರು ಒಂಬತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ನೆರವಿಗಾಗಿ ಹೊರಗಿನಿಂದ ಸ್ವಯಂಸೇವಕರು ಕಾಠ್ಮಂಡುವಿಗೆ ಧಾವಿಸಿದರು. ಇಂಥ ಹೊತ್ತಿನಲ್ಲಿ ಕಸುಬು ತಿಳಿದವರಿಂದ ಉಪಕಾರವಾಗುತ್ತದೆ. ಕಸುಬಿಲ್ಲದೆ ಬರಿಯ ಉತ್ಸಾಹದಿಂದ ಹೋದವರು ನೊಂದವರ ಅನ್ನ, ನೀರು, ಸೂರುಗಳಲ್ಲಿ ಪಾಲು ಕೇಳುವವರಾಗುತ್ತಾರೆ. ಚಿತ್ರದುರ್ಗ ಸೀಮೆಯ ವಿದ್ಯಾರ್ಥಿಗೆ ಅತಿ ಸಮೀಪದ ಹೊರದೇಶಗಳಲ್ಲಿ ನೇಪಾಳವೂ ಒಂದು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಇತರ ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಸೇವೆಗೂ ಅನುಮತಿಯಿರುವುದಿಲ್ಲ. ಹೊರಡುವ ಮುನ್ನ ಅದನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ನೇಪಾಳದಲ್ಲಿ ವಾರದ ರಜೆ ಶನಿವಾರ. ಅಂದು ಕಾಠ್ಮಂಡುವಿನ ಬೀದಿಗಿಳಿದ ಕನ್ನಡಿಗನು ಸಾಮಾನ್ಯವಾಗಿ ಮೊದಲು ಹೋಗುವುದು ಪಶುಪತಿನಾಥನ ಗುಡಿಗೆ. ಅಲ್ಲಿ ಪೂಜೆ ಸಲ್ಲಿಸುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಬಹುಮಟ್ಟಿಗೆ ಕರ್ನಾಟಕದವರು. ದರ್ಶನದಿಂದ ಮನಸ್ಸು ತುಂಬುತ್ತದೆ, ನಿಜ. ಆದರೆ ಅಲ್ಲಿಗೇ ನಿಂತರೆ ನಗರದ ಪರಿಚಯವಾಗಲಿಲ್ಲ.

ಬಾಗಮತಿ ನದಿಯಾಚೆಯ ಪಾಟನ್ ನಗರದ ಅರಮನೆ ಚೌಕದಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ತಲುಪಬೇಕಾದ ಒಂದು ಕಲ್ಲಿನ ಕೊಳವಿದೆ. ಅದರ ಹೆಸರು ಮಂಗ ಹಿತಿ. ಕ್ರಿ.ಶ. 570ರಷ್ಟು ಹಳೆಯದೆಂದು ಹೇಳಲಾಗುವ ಈ ಕೊಳದಲ್ಲಿ ಮಕರದ ಬಾಯಿಯಿಂದ ನೀರು ಸುರಿಯುವಂತೆ ಕಡೆದಿದ್ದಾರೆ. ನೇವಾರಿ ಜನರು ಹಿತಿ ಎಂದೂ ನೇಪಾಳಿಗಳು ಢುಂಗೆ ಧಾರಾ ಎಂದೂ ಕರೆಯುವ ಇಂಥ ಕಲ್ಲುಧಾರೆಗಳು ಕಾಠ್ಮಂಡು ಕಣಿವೆಯಲ್ಲಿ ನೂರಾರಿವೆ. ಬೆಟ್ಟದ ಬುಡದಿಂದ ತೋಡಿದ ರಾಜಕುಲೋ ಎಂಬ ಕಾಲುವೆಗಳು ಕೆರೆಗಳನ್ನು ತುಂಬಿಸುತ್ತಿದ್ದವು. ಕೆರೆಯ ನೀರು ನೆಲಕ್ಕಿಂಗಿ, ಮರಳಿನ ಪದರಗಳಲ್ಲಿ ಸೋಸಿ, ಧಾರೆಯಾಗಿ ಹೊರಬರುತ್ತಿತ್ತು. ಗುಠಿ ಎಂಬ ಜನರ ಕೂಟಗಳು ಇವನ್ನು ನೋಡಿಕೊಳ್ಳುತ್ತಿದ್ದವು. ಮಳೆಗಾಲಕ್ಕೆ ಮುನ್ನ ಬರುವ ಸಿಥಿ ನಖ ಹಬ್ಬದಂದು ಬಾವಿ, ಕೊಳ, ಧಾರೆಗಳನ್ನು ಶುಚಿಗೊಳಿಸುವ ಪದ್ಧತಿ ನೇವಾರಿಗಳಲ್ಲಿದೆ.

ಕಾಲುವೆಯ ಮೇಲೆ ಮನೆಗಳೆದ್ದವು, ಕೆರೆಗಳು ಮುಚ್ಚಿದವು, ಅನೇಕ ಧಾರೆಗಳು ಬತ್ತಿದವು. ನಗರ ಟ್ಯಾಂಕರಿನ ನೀರಿಗೆ ಕೈಚಾಚಿತು. ದೂರದ ಮೇಲಮ್ಚಿ ನದಿಯಿಂದ ಸುಮಾರು 26 ಕಿಲೋಮೀಟರ್ ಸುರಂಗ ಕೊರೆದು ತಂದ ನೀರು 2021ರ ಮಾರ್ಚಿನಲ್ಲಿ ಕಾಠ್ಮಂಡುವನ್ನು ಮುಟ್ಟಿತು. ಅದೇ ವರ್ಷದ ಜೂನಿನ ಪ್ರವಾಹ ಆ ಯೋಜನೆಯ ತಲೆಗಟ್ಟನ್ನೇ ಹಾಳುಗೆಡವಿತು. ಇಂಥ ನಗರದಲ್ಲಿ ಅತಿಥಿಯು ವಸತಿಗೃಹದಲ್ಲಿ ಮೀಯುವ ಬಿಸಿನೀರು ಸುಮ್ಮನೆ ಬಂದದ್ದಲ್ಲ. ಅದೇ ನಗರದಲ್ಲಿ ಒಬ್ಬ ಗೃಹಿಣಿ ಬೆಳಗಿನ ಜಾವ ಧಾರೆಯ ಮುಂದೆ ಕೊಡವಿಟ್ಟು ಸರದಿ ಕಾಯುತ್ತಾಳೆ. ಬಿಡುವಿನ ದಿನ ಆ ಸಾಲನ್ನು ಕಂಡ ಸ್ವಯಂಸೇವಕನು ಮರುದಿನ ಶಾಲೆಯ ಗೋಡೆಗೆ ಸುಣ್ಣ ಬಳಿಯುವಾಗ ಎಷ್ಟು ನೀರು ಬಳಸಬೇಕೆಂದು ಯೋಚಿಸುತ್ತಾನೆ. ಅದನ್ನು ಕಾಣದವನು ಸೇವೆಯ ಹೆಸರಿನಲ್ಲಿ ಆಕೆಯ ಕೊಡವನ್ನು ಬರಿದು ಮಾಡಿಯೂ ತಿಳಿಯದೆ ಮರಳುತ್ತಾನೆ.

ಆದ್ದರಿಂದ ಹೊಸ ನಗರವನ್ನು ಅದರ ನೀರಿನ ಜಾಡು ಹಿಡಿದು ನೋಡುವುದು ಲೇಸು. ಎಲ್ಲಿಂದ ಬಂತು, ಯಾರು ಕಾಯುತ್ತಾರೆ, ಯಾರಿಗೆ ತಲುಪಲಿಲ್ಲ, ಕೊಳಕಾದ ಮೇಲೆ ಎಲ್ಲಿಗೆ ಹೋಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಅಲ್ಲಿಯ ಭಾಷೆಯಲ್ಲಿ ಕೇಳಲು ಕಲಿತರೆ ಸಾಕು. ಕಾಲ್ನಡಿಗೆಯೇ ಇದಕ್ಕೆ ತಕ್ಕ ವಾಹನ. ಮೀಯುವವರ, ನೀರು ಹೊರುವವರ ಚಿತ್ರ ತೆಗೆಯಲು ಮೊದಲು ಅನುಮತಿ ಬೇಡಬೇಕು.

ಈ ವಿದ್ಯೆಯ ಅಭ್ಯಾಸವನ್ನು ಹುಟ್ಟೂರಿನಲ್ಲೇ ಆರಂಭಿಸಬಹುದು. ಚಿತ್ರದುರ್ಗದ ಕೋಟೆಗೆ ಬಂದವರು ಏಳು ಸುತ್ತನ್ನು ಎಣಿಸಿ ಹೋಗುತ್ತಾರೆ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರಿಳಿಯುವ ದಾರಿಯನ್ನು ನಡೆದು ನೋಡಿದವರು ಕಡಿಮೆ. ಒನಕೆ ಓಬವ್ವ ಶತ್ರುಗಳನ್ನು ಕಂಡದ್ದು ನೀರು ತರಲು ಹೋದಾಗ ಎಂದೇ ಜನ ಹೇಳುತ್ತಾರೆ. ಚಂದ್ರವಳ್ಳಿಯ ಬಂಡೆಯ ಮೇಲಿನ ಮಯೂರಶರ್ಮನ ಶಾಸನವು ಹೇಳುವುದೂ ಒಂದು ಕೆರೆಯ ಸಂಗತಿಯನ್ನೇ. ಇಂದು ದುರ್ಗದ ನಲ್ಲಿಗೆ ನೀರು ಬರುವುದು ಚನ್ನಗಿರಿಯ ಶಾಂತಿಸಾಗರದಿಂದ ಹಾಗೂ ಹಿರಿಯೂರಿನ ವಾಣಿವಿಲಾಸ ಸಾಗರದಿಂದ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಹಿರಿಯೂರಿನಲ್ಲಿ ಬಾಗಿನ ಅರ್ಪಿಸುವ ಸಂಭ್ರಮವಿದ್ದ ಹೊತ್ತಿನಲ್ಲಿ ಹೊಸದುರ್ಗದ ಕಡೆ ಹಿನ್ನೀರಿನ ಅಂಚಿನ ರೈತರಿಗೆ ಹೊಲ ತೋಟ ಮುಳುಗುವ ಚಿಂತೆಯಿತ್ತು. ಹೊಳಲ್ಕೆರೆಯ ಅಡಿಕೆ ಬೆಳೆಗಾರನು ಕೊಳವೆಬಾವಿಯ ಆಳವನ್ನು ಲೆಕ್ಕ ಹಾಕುತ್ತಿರುತ್ತಾನೆ. ನಾಲ್ಕು ತಾಲ್ಲೂಕುಗಳ ಈ ನಾಲ್ಕು ಬಗೆಯ ಕಥೆಯನ್ನು ತಿಳಿದ ವಿದ್ಯಾರ್ಥಿಗೆ ಪಾಟನ್ನಿನ ಕಲ್ಲುಧಾರೆ ಅಪರಿಚಿತವೆನಿಸದು.

ಗ್ರಾಮಬಂಧುಗಳಿಗೂ ಇದರಲ್ಲಿ ಪಾಲಿದೆ. ಹೊರದೇಶದ ಯುವಜನರು ಕರ್ನಾಟಕಕ್ಕೂ ಬರುತ್ತಾರೆ; ಕುಂದಾಪುರದ ಕಡಲತೀರದಲ್ಲಿ ಅವರು ಕಡಲಾಮೆಗಳ ಸಂರಕ್ಷಣೆಗೆ ಕೈಜೋಡಿಸಿದ್ದಾರೆ. ಜೋಗಿಮಟ್ಟಿಯ ಆಸುಪಾಸಿನ ಹಳ್ಳಿಗೆ ಅಂಥವರು ಬಂದರೆ, ರಜೆಯ ದಿನ ಕೋಟೆಯ ಜೊತೆಗೆ ಊರ ಕೆರೆಯನ್ನೂ ತೋರಿಸಬೇಕು. ಹೂಳು ಎಷ್ಟಿದೆ, ಕಾಲುವೆಯನ್ನು ಯಾರು ಒತ್ತಿದ್ದಾರೆ, ಬೇಸಿಗೆಯಲ್ಲಿ ನೀರು ಯಾರಿಗೆ ಸಾಲದು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಅತಿಥಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ.

ಹೊರಡಲು ಬಯಸುವ ವಿದ್ಯಾರ್ಥಿಗಳು ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ವಾರವೇ ತಮ್ಮ ಮನೆಯ ನಲ್ಲಿಯಿಂದ ಆರಂಭಿಸಿ ನೀರಿನ ಮೂಲದವರೆಗೆ ಒಮ್ಮೆ ಹೋಗಿಬರಲಿ. ಕಂಡದ್ದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಲಿ. ಪರಊರಿನವರು ‘ನಿಮ್ಮಲ್ಲಿ ನೀರು ಎಲ್ಲಿಂದ?’ ಎಂದು ಕೇಳಿದಾಗ ಆ ಪುಟ ಉಪಯೋಗಕ್ಕೆ ಬರುತ್ತದೆ.