ಕುಡಿಯುವ ನೀರು ಮತ್ತು ಫ್ಲೋರೈಡ್
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಸಮಾರಂಭದಾಗ ನೀರಿನ ಮಾತು ಯಾಕ್ರಿ ಅಂತ ನೀವು ಕೇಳಬಹುದು. 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದ ಕಣಗಿನಹಾಳ ಇರುವುದು ಗದಗ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಮುಂಡರಗಿ ತಾಲೂಕಿನ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದಿದವು, ದೊಡ್ಡವರ ಕೀಲು ಬಿಗಿದವು. ಸಾಲದ ಬಾಧೆ ಒಬ್ಬನಿಂದ ನೀಗದು ಅಂತ ಸಂಘ ಕಟ್ಟಿದೆವು. ಈ ಬಾಧೆಯೂ ಅಂಥದ್ದೇ.

ಫ್ಲೋರೈಡ್ ಬಂಡೆಗಲ್ಲಿನಿಂದ ಕರಗಿ ನೀರಿಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿದು ನೋಡಿದರೆ ತಿಳಿಯುವುದಿಲ್ಲ.

ಹಾಗಾದರೆ ಅದು ವಿಷವೋ, ಔಷಧವೋ? ಎಲ್ಲವೂ ಪ್ರಮಾಣದ ಮೇಲೆ ನಿಂತೈತಿ. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ಪಟ್ಟಣದ ನೀರಿಗೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಬೆರೆಸಿದರು. ಮಕ್ಕಳ ಹಲ್ಲಿನ ಹುಳುಕು ಕಡಿಮೆಯಾಯಿತು. ಆದರೆ ಅದಕ್ಕೂ ಮೊದಲು, 1937ರಲ್ಲೇ, ನಮ್ಮ ದೇಶದ ನೆಲ್ಲೂರು ಭಾಗದಲ್ಲಿ ಹೆಚ್ಚು ಫ್ಲೋರೈಡಿನ ನೀರು ಕುಡಿದವರ ಬೆನ್ನೆಲುಬು ಬಿಗಿದುಹೋದದ್ದನ್ನು ವೈದ್ಯರು ದಾಖಲಿಸಿದ್ದರು. 2024ರಲ್ಲಿ ಬಂದ ಅಮೆರಿಕ ಸರಕಾರದ ವರದಿಯು, 1.5 ಮಿಲಿಗ್ರಾಂ ಮೀರಿದ ಕಡೆ ಮಕ್ಕಳ ಬುದ್ಧಿಶಕ್ತಿಯ ಅಳತೆಯೂ ಕಡಿಮೆ ಕಂಡುಬಂದಿದೆ ಎಂದಿತು. ಅವರು ನೀರಿಗೆ ಬೆರೆಸುವ 0.7 ಮಿಲಿಗ್ರಾಂ ಬಗ್ಗೆ ತೀರ್ಮಾನಿಸಲು ಆಧಾರ ಸಾಲದು ಎಂದೂ ಹೇಳಿತು. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರ ತನಕ.

ಕುದಿಸಿದರ ಹೋಗತೈತಿ ಅಂತ ಕೆಲವರು ತಿಳಿದಾರ. ಹೋಗೂದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ. ಅರಿವಿಯಲ್ಲಿ ಸೋಸಿದರೂ ಹೋಗದು. ಒಮ್ಮೆ ಬಿಗಿದ ಎಲುಬು ಮೊದಲಿನಂತಾಗುವುದೂ ಇಲ್ಲ.

ಮುಗದದ ನೀರಿನಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸದೆ ಇಲ್ಲ ಎಂದೂ ಹೇಳಬಾರದು. ಮಳೆಯಿಂದ ತುಂಬುವ ಕೆರಿ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆಳದ ಬೋರಿನ ಮಾತು ಬೇರೆ. ಮಗ್ಗುಲು ಮಗ್ಗುಲ ಬೋರುಗಳಲ್ಲೂ ವ್ಯತ್ಯಾಸ ಇರತೈತಿ.

ಆದ್ದರಿಂದ ನನ್ನದೊಂದು ವಿನಂತಿ. ಊರಿನ ಪ್ರತಿಯೊಂದು ಕುಡಿಯುವ ನೀರಿನ ಬೋರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪಂಚಾಯತಿಯ ಮೂಲಕ ಪರೀಕ್ಷೆಗೆ ಕಳಿಸೋಣ. ಬಂದ ಅಂಕಿಯನ್ನು ಸಂಘದ ಬಡ್ಡಿದರದ ಫಲಕದ ಮಗ್ಗುಲಲ್ಲೇ ಬರೆಯೋಣ. ಹೆಚ್ಚಿದ್ದರೆ ಆ ನೀರು ಬಟ್ಟೆ ಒಗೆಯಲಿಕ್ಕೆ ಇರಲಿ, ಮಕ್ಕಳ ತಂಬಿಗೆಗೆ ಬೇಡ.