ಶಾಂತಾ ಹುಬ್ಳೀಕರ: ಎರಡು ಭಾಷೆಗಳ ನಡುವಿನ ಕಲಾವಿದೆ

(ಹಿಂಜವಾಡಿಯಲ್ಲಿ ನಡೆದ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯಿಂದ ಇಮ್ಮಡಿ ಪುಲಕೇಶಿಯ ಕುರಿತೋ ನೃಪತುಂಗನ ಕುರಿತೋ ಮಾತನಾಡುವುದು ವಾಡಿಕೆ. ಗೋದಾವರಿಯವರೆಗೆ ಹಬ್ಬಿದ್ದ ಕನ್ನಡ ನಾಡನ್ನು ನೆನೆದು ನಾವು ಹಿಗ್ಗುತ್ತೇವೆ. ಆ ಹಿಗ್ಗಿಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಈ ದಿನ ನಾನು ರಾಜರನ್ನು ಬಿಟ್ಟು, ನಾವು ವಾಸಿಸುತ್ತಿರುವ ಇದೇ ಪುಣೆಯಲ್ಲಿ ಕೀರ್ತಿ ಗಳಿಸಿ ಇದೇ ಊರಿನಲ್ಲಿ ಕಣ್ಣುಮುಚ್ಚಿದ ಒಬ್ಬ ನಟಿಯ ಕುರಿತು ಮಾತನಾಡಬೇಕೆಂದಿದ್ದೇನೆ. ಅವರ ಹೆಸರು ಶಾಂತಾ ಹುಬ್ಳೀಕರ.

ನಾನು ಸಾಹಿತಿಯಲ್ಲ, ಚಲನಚಿತ್ರ ವಿಮರ್ಶಕನೂ ಅಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಕೇಂದ್ರ ಸರಕಾರದ ಸೇವೆಗೆ ಸೇರಿದವನು. ಸೇವೆಯ ಬಹುಭಾಗವನ್ನು ಪಿಂಚಣಿಯ ಕಡತಗಳ ನಡುವೆ ಕಳೆದಿದ್ದೇನೆ. ಹಾಗಿದ್ದೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. 1998ರಲ್ಲಿ ನಾನು ಮೊದಲ ಸಲ ಪುಣೆಗೆ ವರ್ಗವಾಗಿ ಬಂದಾಗ, ತಮ್ಮ ಪಿಂಚಣಿಯ ತಕರಾರೊಂದನ್ನು ಹೊತ್ತು ಒಬ್ಬ ವೃದ್ಧ ಮರಾಠಿ ಗೃಹಸ್ಥರು ನನ್ನ ಮೇಜಿನ ಮುಂದೆ ಕುಳಿತಿದ್ದರು. ಮಾತಿನ ನಡುವೆ ನನ್ನ ಊರು ಯಾವುದೆಂದು ಕೇಳಿದರು. ಹುಬ್ಬಳ್ಳಿಯ ಕಡೆಯವನೆಂದೆ. ಅವರ ಮುಖ ಅರಳಿತು. "ಹಾಗಾದರೆ ನೀವು ನಮ್ಮ ಶಾಂತಾಬಾಯಿಯ ಊರಿನವರು" ಎಂದರು. ಯಾವ ಶಾಂತಾಬಾಯಿ ಎಂದು ನಾನು ಕೇಳಿದೆ. ಆ ಹಿರಿಯರು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. ನನ್ನ ಊರಿನ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ಕಲಾವಿದೆಯ ಪರಿಚಯ ನನಗೆ ಒಬ್ಬ ಮರಾಠಿಗನಿಂದ ಆಗಬೇಕಾಯಿತು. ಆಕೆ ತೀರಿಕೊಂಡು ಆಗಲೇ ಆರು ವರ್ಷ ಕಳೆದಿತ್ತು.

ಶಾಂತಾ ಹುಬ್ಳೀಕರ ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ. ಹುಟ್ಟುಹೆಸರು ರಾಜಮ್ಮ. ಅದರಗುಂಚಿ ಎಂದೊಡನೆ ಇಲ್ಲಿರುವ ಹಿರಿಯರಿಗೆ ಬೇರೊಂದು ನೆನಪು ಬರುವುದು ಸಹಜ. 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸಕ್ಕೆ ಕುಳಿತದ್ದು ಅದೇ ಊರಿನಲ್ಲಿ. ಆ ಉಪವಾಸದ ಕಾವು ಹುಬ್ಬಳ್ಳಿಗೆ ಹಬ್ಬಿ, ಚಳವಳಿ ಜನರ ಚಳವಳಿಯಾಯಿತು. ನಾವು ಆಚರಿಸುತ್ತಿರುವ ಈ ನವೆಂಬರ್ 1ಕ್ಕೆ ಅದರಗುಂಚಿಯ ಋಣವಿದೆ. ಕನ್ನಡಕ್ಕಾಗಿ ಅನ್ನ ಬಿಟ್ಟವರ ಊರೇ ಮರಾಠಿ ಬೆಳ್ಳಿತೆರೆಗೆ ಒಬ್ಬ ಶ್ರೇಷ್ಠ ನಟಿಯನ್ನು ಕೊಟ್ಟಿತು. ಈ ಎರಡು ಸಂಗತಿಗಳು ಪರಸ್ಪರ ವಿರುದ್ಧವಾದವು ಎಂದು ನನಗೆ ಅನಿಸುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಈ ಬಾಲಿಕೆ ಹುಬ್ಬಳ್ಳಿಯಲ್ಲಿ ಬೆಳೆದು, ಸಂಗೀತ ಕಲಿತು, ಗುಬ್ಬಿ ಕಂಪನಿಯ ಮೂಲಕ ರಂಗಭೂಮಿಗೆ ಬಂದರು. ಆ ಕಾಲದ ಹುಬ್ಬಳ್ಳಿಯನ್ನು ಕಲ್ಪಿಸಿಕೊಳ್ಳಿ. ಆಡಳಿತ ಮುಂಬಯಿ ಪ್ರಾಂತದ್ದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿಯ ಪ್ರಭಾವ, ಪೇಟೆಯಲ್ಲಿ ಉರ್ದು. ಕನ್ನಡದ ಕಂಪನಿಗಳೂ ಮರಾಠಿಯ ಸಂಗೀತ ನಾಟಕ ಮಂಡಳಿಗಳೂ ಅಲ್ಲಿ ಬಂದು ಬಿಡಾರ ಹೂಡುತ್ತಿದ್ದವು. ರಂಗದ ಮೇಲಿನ ಈ ಕೊಡುಕೊಳೆ ಅಂದಿಗೇ ಹಳೆಯದು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯ ಮೊದಲ ನಾಟಕವನ್ನು ಆಡಿಸಿದ್ದಕ್ಕೆ ಕರ್ನಾಟಕದಿಂದ ಬಂದ ಭಾಗವತರ ಮೇಳವೇ ಪ್ರೇರಣೆ. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ಗುರ್ಲಹೊಸೂರಿನಲ್ಲಿ. ಚಲನಚಿತ್ರದಲ್ಲೂ ಈ ಸಂಬಂಧ ಮುಂದುವರಿಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತಷ್ಟೆ. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ.

ಅದೇ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಸಂಸ್ಥೆ ಪ್ರಭಾತ್ ಫಿಲ್ಮ್ ಕಂಪನಿ. ಅದರ ಸ್ಥಾಪಕರಲ್ಲೊಬ್ಬರಾದ ವಿ. ಶಾಂತಾರಾಮರಿಗೂ ಹುಬ್ಬಳ್ಳಿಗೂ ನಂಟಿದೆ. ಬಾಲ್ಯದಲ್ಲಿ ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು, ಅಲ್ಲಿಯ ತಗಡಿನ ಚಿತ್ರಮಂದಿರದಲ್ಲಿ ಚಾಕರಿ ಮಾಡಿದವರು. ಸಿನಿಮಾದ ಹುಚ್ಚು ಅವರಿಗೆ ಹಿಡಿದದ್ದು ನಮ್ಮ ಊರಿನಲ್ಲಿ! ಇಂಥ ಸಂಸ್ಥೆಗೆ ಹುಬ್ಬಳ್ಳಿಯ ಹುಡುಗಿ ಬಂದಳು. 1938ರಲ್ಲಿ ಕೆ. ನಾರಾಯಣ ಕಾಳೆಯವರ 'ಮಾಝಾ ಮುಲಗಾ' ಚಿತ್ರದಲ್ಲಿ ಶಾಹೂ ಮೋಡಕರ ಜತೆ ನಟಿಸಿದ ಶಾಂತಾ, ಮರುವರ್ಷ ಶಾಂತಾರಾಮರ 'ಮಾಣೂಸ್' ಚಿತ್ರದ ನಾಯಕಿಯಾದರು. ಇದೇ ಚಿತ್ರ ಹಿಂದಿಯಲ್ಲಿ 'ಆದ್ಮಿ' ಎಂಬ ಹೆಸರಿನಿಂದ ಬಂದಿತು.

'ಮಾಣೂಸ್' ಚಿತ್ರದ ಕಥೆಯನ್ನು ಸ್ವಲ್ಪ ಹೇಳಬೇಕು. ಗಣಪತ ಎಂಬ ಪ್ರಾಮಾಣಿಕ ಪೊಲೀಸ್ ಪೇದೆ ಒಂದು ದಾಳಿಯ ರಾತ್ರಿ ಮೈನಾ ಎಂಬ ವೇಶ್ಯೆಯನ್ನು ಬಂಧನದಿಂದ ಪಾರುಮಾಡುತ್ತಾನೆ. ಪರಿಚಯ ಪ್ರೇಮವಾಗುತ್ತದೆ. ಅವಳನ್ನು ತನ್ನ ಮುದಿತಾಯಿಯ ಬಳಿಗೂ ಕರೆದೊಯ್ಯುತ್ತಾನೆ. ಆ ತಾಯಿಯ ಸಾತ್ವಿಕತೆಯ ಎದುರು ನಿಂತಾಗ, ಈ ಮನೆಗೆ ತಾನು ತಕ್ಕವಳಲ್ಲವೆಂಬ ಅಳುಕು ಮೈನಾಳನ್ನು ಹಿಡಿಯುತ್ತದೆ. ಕೊನೆಗೆ ತನ್ನನ್ನು ಕಾಡುತ್ತಿದ್ದ ದುಷ್ಟ ಮಾವನನ್ನು ಕೊಂದು ಸೆರೆಮನೆ ಸೇರುತ್ತಾಳೆ. ಗಣಪತ ಬಿಡಿಸಲು ಬಂದರೂ ಒಪ್ಪುವುದಿಲ್ಲ. ಪ್ರೇಮಭಂಗದಿಂದ ಕುಡಿದು ಸಾಯುವ 'ದೇವದಾಸ'ನನ್ನು ದೇಶವೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಕಾಲವದು. ಬದುಕು ಪ್ರೇಮಕ್ಕಿಂತ ದೊಡ್ಡದು, ಕರ್ತವ್ಯವುಳ್ಳವನು ಬದುಕಬೇಕು ಎಂಬ ಉತ್ತರವನ್ನು ಶಾಂತಾರಾಮರು ಈ ಚಿತ್ರದ ಮೂಲಕ ಕೊಟ್ಟರು.

ಆ ಉತ್ತರ ಕೇವಲ ಉಪದೇಶವಾಗದೆ ಉಳಿದದ್ದು ಮೈನಾಳ ಪಾತ್ರದಿಂದ. ಶಾಂತಾ ಹುಬ್ಳೀಕರ ಈ ಪಾತ್ರದಲ್ಲಿ ಕರುಣೆಯನ್ನು ಬೇಡುವುದಿಲ್ಲ. ನಗುತ್ತಾರೆ, ಚುಡಾಯಿಸುತ್ತಾರೆ, ಪೇದೆಯ ಮುಗ್ಧತೆಯನ್ನು ಹಾಸ್ಯಮಾಡುತ್ತಾರೆ. ಆ ನಗೆಯ ಹಿಂದಿನ ದಣಿವು ತಾಯಿಯ ಮುಂದಿನ ದೃಶ್ಯದಲ್ಲಿ ಒಮ್ಮೆಲೇ ಬಯಲಾಗುತ್ತದೆ. ನಾಳೆಯ ಮಾತೇಕೆ ಎಂದು ಕೇಳುವ ಅವರ ಹಾಡು ಮನೆಮಾತಾಯಿತು. ನಾನಾ ಭಾಷೆಗಳ ಗಿರಾಕಿಗಳ ಮುಂದೆ ಹಾಡುವ ಹಾಡಾದ್ದರಿಂದ ಅದು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಹಾಡಿದವರೂ ಶಾಂತಾ ಅವರೇ. ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು. ಅದನ್ನು ಕೇಳುವಾಗ ನನಗೆ ಪ್ರತಿ ಸಲವೂ ಅನಿಸುವುದೆಂದರೆ, ಬಹುಭಾಷೆಯ ಹುಬ್ಬಳ್ಳಿಯಲ್ಲಿ ಬೆಳೆದ ನಾಲಿಗೆಗೆ ಈ ದಾಟುವಿಕೆ ಹೊಸತಾಗಿರಲಿಲ್ಲ.

ಇದು ಎಷ್ಟು ದೊಡ್ಡ ಸಾಧನೆ ಎಂಬುದು ಹೊರಗಿನ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಜೆಕ್ ಚಿತ್ರರಂಗದ ಆನಿ ಒಂದ್ರಾ ಮೂಕಿಯುಗದಲ್ಲಿ ಬಹು ಹೆಸರಾದ ನಟಿ. 1929ರಲ್ಲಿ ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ ನಿರ್ದೇಶಿಸಿದ 'ಬ್ಲ್ಯಾಕ್‌ಮೇಲ್' ಚಿತ್ರಕ್ಕೆ ಮಾತು ಸೇರಿದಾಗ, ಆಕೆಯ ಇಂಗ್ಲಿಷ್ ಉಚ್ಚಾರಣೆ ಒಗ್ಗಲಿಲ್ಲ. ಜೋನ್ ಬ್ಯಾರಿ ಎಂಬ ಇಂಗ್ಲಿಷ್ ನಟಿ ಕ್ಯಾಮೆರಾದ ಕಣ್ಣಿಗೆ ಬೀಳದಂತೆ ನಿಂತು ಮಾತು ನುಡಿಯುತ್ತಿದ್ದರೆ, ಒಂದ್ರಾ ತುಟಿಯಾಡಿಸಬೇಕಾಯಿತು. ಮಾತು ಬಂದಾಗ ಆ ನಟಿ ಪರಭಾಷೆಯಲ್ಲಿ ತನ್ನ ದನಿಯನ್ನು ಕಳೆದುಕೊಂಡಳು. ಅದೇ ಮಾತಿನ ಯುಗದ ಆರಂಭದಲ್ಲಿ ನಮ್ಮ ಅದರಗುಂಚಿಯ ರಾಜಮ್ಮ ಮರಾಠಿಯಲ್ಲೂ ಹಿಂದಿಯಲ್ಲೂ ತನ್ನದೇ ದನಿಯಲ್ಲಿ ಆಡಿ ಹಾಡಿ ಗೆದ್ದಳು. ಪರಭಾಷೆಯವಳೆಂದು ಮರಾಠಿ ಪ್ರೇಕ್ಷಕರು ಆಕೆಯನ್ನು ದೂರವಿಡಲಿಲ್ಲ. ಹೆಸರಿನಲ್ಲಿದ್ದ ಹುಬ್ಬಳ್ಳಿಯನ್ನು ಅಳಿಸಲೂ ಇಲ್ಲ.

ಕನ್ನಡವನ್ನೂ ಆಕೆ ತೊರೆಯಲಿಲ್ಲ. 1942ರ 'ಜೀವನ ನಾಟಕ' ಚಿತ್ರದಲ್ಲಿ ಗುಬ್ಬಿ ವೀರಣ್ಣ, ಬಿ. ಜಯಮ್ಮ, ಕೆಂಪರಾಜ ಅರಸು ಅವರೊಡನೆ ನಟಿಸಿದರು. ಆದರೆ ಆ ವೇಳೆಗೆ ಅವರ ಕಾಲ ಇಳಿಮುಖವಾಗಿತ್ತು. 1939ರಲ್ಲೇ ಪುಣೆಯಲ್ಲಿ ವಿವಾಹವಾಗಿತ್ತು. ಶಾಂತಾರಾಮರು 1942ರಲ್ಲಿ ಪ್ರಭಾತ್ ಬಿಟ್ಟರು. 1953ರಲ್ಲಿ ಕಂಪನಿಯೇ ಮುಚ್ಚಿತು. ಆಮೇಲೆ ಆಕೆಗೆ ದೊರೆತ ಚಿತ್ರಗಳು ಕೆಲವೇ ಕೆಲವು. ಕೊನೆಗಾಲದ ಕೆಲವು ವರ್ಷಗಳನ್ನು ಮನೆಯಿಂದ ದೂರ, ಒಂದು ಆಶ್ರಮದ ನೆರಳಿನಲ್ಲಿ ಕಳೆದರು. ತಮ್ಮ ಬದುಕನ್ನು ಮರಾಠಿಯಲ್ಲಿ ಬರೆದು, ಆ ಪ್ರಸಿದ್ಧ ಹಾಡಿನ ಮಾತನ್ನೇ 'ಕಶಾಲಾ ಉದ್ಯಾಚೀ ಬಾತ್' ಎಂದು ಪುಸ್ತಕಕ್ಕೆ ಹೆಸರಿಟ್ಟರು. 1992ರಲ್ಲಿ ಪುಣೆಯಲ್ಲಿ ನಿಧನರಾದರು.

ಬಂಧುಗಳೇ, ಇಲ್ಲಿ ನನ್ನ ವೃತ್ತಿಯ ಒಂದು ಮಾತನ್ನು ಹೇಳಲು ಅಪ್ಪಣೆ ಕೊಡಬೇಕು. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು; ನನ್ನ ಕಚೇರಿಗೆ ಅದು ಜೀವನ ಪ್ರಮಾಣಪತ್ರದ ತಿಂಗಳು. ಪ್ರತಿಯೊಬ್ಬ ಪಿಂಚಣಿದಾರನೂ ತಾನು ಬದುಕಿದ್ದೇನೆಂದು ಈ ತಿಂಗಳಲ್ಲಿ ಸಾಬೀತುಪಡಿಸಬೇಕು. ಕೈಕಾಲು ನಡುಗುವ ಹಿರಿಯರು ಬಂದು ನಿಂತಾಗ, ಇದೆಂಥ ಕ್ರೂರ ನಿಯಮ ಎಂದು ನಾನು ನೊಂದದ್ದುಂಟು. ಆದರೆ ಶಾಂತಾ ಹುಬ್ಳೀಕರರ ಬದುಕನ್ನು ತಿಳಿದ ಮೇಲೆ ನನಗೆ ಬೇರೊಂದು ವಿಚಾರ ಹೊಳೆಯಿತು. ವರ್ಷಕ್ಕೊಮ್ಮೆ "ನೀವು ಬದುಕಿದ್ದೀರಾ?" ಎಂದು ಕೇಳುವ ಒಂದು ಕಚೇರಿಯಾದರೂ ಗುಮಾಸ್ತನಿಗೆ ಇದೆ. ನಾಡನ್ನೆಲ್ಲ ರಂಜಿಸಿದ ಕಲಾವಿದೆಯನ್ನು ಹಾಗೆ ಕೇಳುವವರು ಯಾರು? ನಾಳೆಯ ಚಿಂತೆ ಬೇಡವೆಂಬ ಅವರ ಹಾಡಿಗೆ ತಲೆದೂಗಿದ ನಾವು, ಅವರ ನಾಳೆಯ ಚಿಂತೆಯನ್ನು ಯಾರಿಗೆ ವಹಿಸಿದ್ದೆವು?

ಈ ಪ್ರಶ್ನೆಯನ್ನು ನಾನು ಮರಾಠಿಗರಿಗೆ ಹಾಕುತ್ತಿಲ್ಲ. ಅವರು ಕೊನೆಯಪಕ್ಷ ಅವರ ಹಾಡನ್ನು ಮರೆತಿಲ್ಲ, ಅವರ ಪುಸ್ತಕವನ್ನು ಪ್ರಕಟಿಸಿದ್ದಾರೆ. ಪ್ರಶ್ನೆ ನಮಗೆ. ಹೊರನಾಡ ಕನ್ನಡಿಗರಾದ ನಾವು ಸಾಧಕರ ಪಟ್ಟಿ ಬೆಳೆಸುವುದರಲ್ಲಿ ಬಹಳ ಚುರುಕು. ಯಾರಿಗಾದರೂ ಪ್ರಶಸ್ತಿ ಬಂದೊಡನೆ "ಇವರು ನಮ್ಮವರು" ಎನ್ನುತ್ತೇವೆ. ಶಾಂತಾ ಹುಬ್ಳೀಕರರನ್ನು ಇಂದು ನಾನು ಹಾಗೆ ಹಕ್ಕಿನಿಂದ ಕೇಳಲು ಬಂದಿಲ್ಲ. ಹಕ್ಕು ಕೇಳುವ ಮೊದಲು ಋಣ ಒಪ್ಪಬೇಕು. ಆಕೆ ಮರಾಠಿಯವರೂ ಹೌದು, ನಮ್ಮವರೂ ಹೌದು. ಅದರಗುಂಚಿಯ ಉಪವಾಸ ಕನ್ನಡಿಗರಿಗೆ ಒಂದು ಮನೆ ಬೇಕೆಂದು ನಡೆದದ್ದು. ನೆರೆಮನೆಯ ಬಾಗಿಲನ್ನು ಮುಚ್ಚಬೇಕೆಂದು ಅಲ್ಲ. ಸ್ವಂತ ಮನೆಯಿದ್ದವನೇ ನೆರೆಯವನ ಮನೆಗೆ ಸಂಕೋಚವಿಲ್ಲದೆ ಹೋಗಬಲ್ಲ. ಆ ಎರಡು ಸಂಗತಿಗಳು ವಿರುದ್ಧವಲ್ಲವೆಂದು ಮೊದಲು ಹೇಳಿದ್ದರ ಅರ್ಥವಿದು.

ಪ್ರಭಾತ್ ಸ್ಟುಡಿಯೋದ ಅಂಗಳದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1974ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾದರು. ಅಲ್ಲಿಯೇ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ'ವನ್ನು ನಿರ್ದೇಶಿಸಿದರು. ಕನ್ನಡದ ಹೊಸ ಚಿತ್ರಕ್ಕೆ ಬಲ ಕೊಟ್ಟ ಆ ನೆಲದ ಮೇಲೆ ಅವರಿಗಿಂತ ಮೂವತ್ತೈದು ವರ್ಷ ಮೊದಲು ಒಬ್ಬ ಕನ್ನಡತಿ ಬಣ್ಣ ಹಚ್ಚಿ ನಿಂತಿದ್ದಳೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಡವೆ? ಹಿಂಜವಾಡಿಯ ಗಣಕಯಂತ್ರ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರು ಲಾ ಕಾಲೇಜ್ ರಸ್ತೆಯಲ್ಲಿ ಎಷ್ಟೋ ಸಲ ಓಡಾಡುತ್ತಾರೆ. ನನ್ನ ಮಗಳೂ ಅವರಲ್ಲೊಬ್ಬಳು. ಆಕೆಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಊರಿಂದೂರಿಗೆ ವರ್ಗವಾಗುತ್ತ ಹೋದ ನನ್ನ ಸೇವೆಯ ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಅದನ್ನು ಒಪ್ಪಿಕೊಂಡೇ ಈ ಮಾತುಗಳನ್ನು ಹೇಳುತ್ತಿದ್ದೇನೆ.

ಕೊನೆಗೆ ಸಂಘಕ್ಕೆ ಮೂರು ಸೂಚನೆಗಳು. ಮೊದಲನೆಯದು, ಮುಂದಿನ ರಾಜ್ಯೋತ್ಸವದೊಳಗೆ 'ಮಾಣೂಸ್' ಚಿತ್ರವನ್ನು ನೆರೆಯ ಮರಾಠಿ ಬಂಧುಗಳನ್ನು ಕರೆದು ಒಟ್ಟಿಗೆ ನೋಡೋಣ; ಕನ್ನಡದಲ್ಲಿ ಪರಿಚಯ ಮಾಡಿಕೊಡುವ ಕೆಲಸ ನನ್ನದು. ಎರಡನೆಯದು, ಶಾಂತಾ ಅವರ ಆತ್ಮಕಥೆಯನ್ನು ಮರಾಠಿ ಬಲ್ಲ ನಮ್ಮ ಸದಸ್ಯರು ತಿಂಗಳಿಗೊಮ್ಮೆ ಸೇರಿ ಓದಿ, ಉಳಿದವರಿಗೆ ಕನ್ನಡದಲ್ಲಿ ಹೇಳಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ನಗರದಲ್ಲಿ ಒಬ್ಬಂಟಿಯಾಗಿರುವ ಕನ್ನಡದ ವೃದ್ಧರು, ಹಳೆಯ ಕಂಪನಿ ನಾಟಕಗಳಲ್ಲಿ ಹಾಡಿದವರು, ಹಾರ್ಮೋನಿಯಂ ನುಡಿಸಿದವರು, ಇಲ್ಲಿಯ ಎತ್ತರದ ಕಟ್ಟಡಗಳಿಗೆ ಕಲ್ಲು ಹೊತ್ತು ಈಗ ಶಕ್ತಿಗುಂದಿದವರು, ಇವರ ಒಂದು ಪಟ್ಟಿಯನ್ನು ಸಂಘ ಮಾಡಲಿ. ಪ್ರತಿ ನವೆಂಬರಿನಲ್ಲಿ ಧ್ವಜಾರೋಹಣವಾದ ಮೇಲೆ ನಮ್ಮಲ್ಲಿ ಇಬ್ಬಿಬ್ಬರು ಅವರ ಮನೆಗಳಿಗೆ ಹೋಗಿ ಬರೋಣ. ಅವರಿಂದ ಸಹಿ, ಹೆಬ್ಬೆಟ್ಟು ಏನೂ ಬೇಡ. ಹೇಗಿದ್ದೀರಿ ಎಂದು ಕನ್ನಡದಲ್ಲಿ ಕೇಳಿ ಬಂದರೆ ಸಾಕು. ಈ ವರ್ಷದ ಪಟ್ಟಿಗೆ ಮೊದಲ ಎರಡು ಹೆಸರುಗಳನ್ನು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಬರುವ ರವಿವಾರ ನಾನು ಆ ಎರಡು ಮನೆಗಳಿಗೆ ಹೊರಡುತ್ತಿದ್ದೇನೆ. ಜತೆಗೆ ಬರುವವರಿದ್ದರೆ ಸಭೆಯ ನಂತರ ದಯವಿಟ್ಟು ತಿಳಿಸಿರಿ.